ಹಳೆ ಎಂಜಿಬಿಗೆ ಹೊಸ ಸಸ್ಪೆನ್ಷನ್: ಕೊಡಗಿನ ರಸ್ತೆಗೆ ಒಗ್ಗುವ ಸಾಮಾನು ಆರಿಸುವುದು ಹೇಗೆ?

ಹಳೆಯ ಸ್ಪೋರ್ಟ್ಸ್ ಕಾರಿನ ಸಸ್ಪೆನ್ಷನ್ ಬಿಚ್ಚಿ ಕಟ್ಟಬೇಕು ಅಂತ ಮನಸ್ಸು ಮಾಡಿದವರು ಹೆಚ್ಚಾಗಿ ಮೊದಲು ಹುಡುಕುವುದು 'ಅಪ್‌ಗ್ರೇಡ್ ಕಿಟ್'. ಗಟ್ಟಿ ಸ್ಪ್ರಿಂಗು, ಕೀಲುಗಳಿಗೆ ಮೆತ್ತೆಯಾಗಿ ಹಾಕುವ ಬಣ್ಣಬಣ್ಣದ ಪಾಲಿ (ಪಾಲಿಯುರೆಥೇನ್) ಬುಷ್ಷು, ಒಂದಿಂಚು ತಗ್ಗಿಸುವ ಸಾಮಾನು, ಎಲ್ಲ ಒಂದೇ ಡಬ್ಬದಲ್ಲಿ ಬರುತ್ತವೆ. ಆ ಡಬ್ಬ ತಯಾರಿಸಿದವರ ಕಣ್ಣಮುಂದೆ ಇದ್ದದ್ದು ರೇಸ್ ಟ್ರ್ಯಾಕು, ಇಲ್ಲವೇ ಇಂಗ್ಲೆಂಡಿನ ನುಣುಪು ರಸ್ತೆ. ಮಳೆಗಾಲ ಮುಗಿದ ಮೇಲಿನ ಮಾಕುಟ್ಟ ಘಾಟಿಯನ್ನು ಅವರು ಕಂಡವರಲ್ಲ. ಕೊಡಗಿನಲ್ಲಿ ಓಡುವ ಕಾರಿಗೆ ಬೇಕಾದದ್ದು ಕಾರ್ಖಾನೆ ಕೊಟ್ಟಷ್ಟೇ ಮೃದುವಾದ, ಆದರೆ ಎಲ್ಲೂ ಆಟ, ಅಂದರೆ ಸವೆದು ಬಂದ ಸಡಿಲ, ಇಲ್ಲದ ಸಸ್ಪೆನ್ಷನ್. ಈ ಬರಹದ ಸಲಹೆಗಳೆಲ್ಲ ಇದೊಂದು ಮಾತಿಗೆ ಕಟ್ಟುಬಿದ್ದಿವೆ.

ಉದಾಹರಣೆಗೆ ಬ್ರಿಟನ್ನಿನ ಎಂಜಿ ಕಂಪನಿಯ ಎಂಜಿಬಿಯನ್ನೇ ಇಟ್ಟುಕೊಳ್ಳುತ್ತೇನೆ. 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾದ್ದರಿಂದ ಅದರ ವಾಷರ್ ಕೂಡ ಇವತ್ತಿಗೂ ಹೊಸದಾಗಿ ಸಿಗುತ್ತದೆ. ರಚನೆಯೂ ಸರಳ. ಮುಂದೆ ಕಾಯಿಲ್ ಸ್ಪ್ರಿಂಗು, ಚಕ್ರ ಎಡಬಲಕ್ಕೆ ತಿರುಗುವ ಕೀಲಾದ ಕಿಂಗ್ ಪಿನ್, ತೋಳಿನಿಂದ ಆಡುವ ಲಿವರ್ ಆರ್ಮ್ ಶಾಕು. ಹಿಂದೆ ಗಟ್ಟಿ ಆಕ್ಸಲ್, ಪ್ಲೇಟು ಜೋಡಿಸಿದ ಲೀಫ್ ಸ್ಪ್ರಿಂಗು. ಮುಂದಿನ ಶಾಕಿನ ತೋಳೇ ಮೇಲಿನ ವಿಶ್‌ಬೋನ್, ಅಂದರೆ ಚಕ್ರವನ್ನು ಹಿಡಿದಿಡುವ ಮೇಲಿನ ತೋಳಿನ ಕೆಲಸವನ್ನೂ ಮಾಡುತ್ತದೆ ಎನ್ನುವುದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಅದೇ ಕಂಪನಿಯ ಹಿಂದಿನ ಕಾರು ಎಂಜಿಎ ಇದ್ದವರಿಗೂ ಇದರಲ್ಲಿ ಬಹುಪಾಲು ಹೊಂದುತ್ತದೆ. ಇನ್ನೂ ಹಳೆಯ ಎಂಜಿ ಟಿಸಿ ಇಟ್ಟುಕೊಂಡವರಿಗೆ ಮುಂದೆಯೂ ಗಟ್ಟಿ ಆಕ್ಸಲ್ಲೇ ಆದ್ದರಿಂದ ಲೀಫ್ ಸ್ಪ್ರಿಂಗಿನ ಭಾಗವೇ ಮುಖ್ಯ.

ನಿಮ್ಮದು ಯಾವ ಎಂಜಿಬಿ ಅಂತ ಮೊದಲು ಗೊತ್ತಿರಲಿ

ಆರ್‌ಸಿ ಪುಸ್ತಕದಲ್ಲಿರುವ ತಯಾರಿಕೆಯ ವರ್ಷವನ್ನು ನಂಬಿ ಸಾಮಾನು ತರಿಸಬೇಡಿ. ಚಾಸಿ ನಂಬರ್ ನೋಡಿ. ಜಿಎಚ್‌ಎನ್ ಎಂದು ಶುರುವಾದರೆ ತೆರೆದ ರೋಡ್‌ಸ್ಟರ್, ಜಿಎಚ್‌ಡಿ ಎಂದಿದ್ದರೆ ಮಾಡು ಇರುವ ಜಿಟಿ. ಜಿಟಿ ಭಾರ ಹೆಚ್ಚು, ಸ್ಪ್ರಿಂಗ್ ಬೇರೆ. ಆ ಅಕ್ಷರಗಳ ಮುಂದಿನ ಅಂಕಿಯೂ ಮುಖ್ಯ. ರೋಡ್‌ಸ್ಟರ್‌ನಲ್ಲಿ 3 ಇದ್ದದ್ದು 1967ರ ಕೊನೆಗೆ 4 ಆಯಿತು, ಅದರ ಆಸುಪಾಸಿನಲ್ಲೇ ಹಿಂದಿನ ಆಕ್ಸಲ್ಲೂ ಬದಲಾಯಿತು. ಆಕ್ಸಲ್ ಬದಲಾದರೆ ಅದನ್ನು ಸ್ಪ್ರಿಂಗಿಗೆ ಕಟ್ಟುವ ಯು ಬೋಲ್ಟ್ ಬದಲಾಗುತ್ತದೆ. 1974ರ ಕೊನೆಯಲ್ಲಿ ಕಪ್ಪು ರಬ್ಬರ್ ಬಂಪರ್ ಬಂದಾಗ ಅಮೆರಿಕದ ಕಾನೂನಿಗಾಗಿ ಕಾರನ್ನು ಒಂದರಿಂದ ಒಂದೂವರೆ ಇಂಚು ಎತ್ತರಿಸಿದರು, ಮುಂದಿನ ಸಸ್ಪೆನ್ಷನ್ ಹೊರುವ ಅಡ್ಡ ತೊಲೆ ಕ್ರಾಸ್‌ಮೆಂಬರ್ರೇ ಬೇರೆಯಾಯಿತು. ಆ ಎತ್ತರವನ್ನು ಬೇರೆ ಕಡೆಯವರು ದೂರುತ್ತಾರೆ, ತಗ್ಗಿಸಲು ದುಡ್ಡು ಸುರಿಯುತ್ತಾರೆ. ತೋಟದ ದಾರಿಯ ನಡು ದಿಬ್ಬದ ಮೇಲೆ ಹೊಟ್ಟೆ ಉಜ್ಜಿಸಿಕೊಂಡು ಹೋಗುವ ನಮಗೆ ಅದು ಪುಣ್ಯಕ್ಕೆ ಸಿಕ್ಕ ಎತ್ತರ. ಹಾಗೇ ಬಿಡಿ.

ಬಿಚ್ಚುವ ಮೊದಲೇ ಅಳೆಯಿರಿ

ನಾಲ್ಕೂ ಚಕ್ರದ ನಡುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಅಳತೆ ತೆಗೆದು ಬರೆದಿಡಿ. ಇದಕ್ಕೆ ಸಮತಟ್ಟಾದ ನೆಲ ಬೇಕು. ನಮ್ಮಲ್ಲಿ ತಟ್ಟಂತ ನೆನಪಾಗುವುದು ಕಾಫಿ ಒಣಗಿಸುವ ಸಿಮೆಂಟು ಕಣ. ಆದರೆ ಕಣವನ್ನು ನೀರು ಹರಿದುಹೋಗಲಿ ಅಂತ ಬೇಕೆಂದೇ ಇಳಿಜಾರು ಕೊಟ್ಟು ಮಾಡಿರುತ್ತಾರೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಗಾರೆ ಮೇಸ್ತ್ರಿ ಬಳಸುವ ನೀರಿನ ಟ್ಯೂಬ್ ಇಟ್ಟು ನಾಲ್ಕು ಚಕ್ರದ ಜಾಗ ನೋಡಿಕೊಳ್ಳಿ, ತಗ್ಗಿದ್ದ ಕಡೆ ಹಲಗೆ ಚೂರು ಕೊಡಿ. ಟೈರ್ ಗಾಳಿ ಸಮ ಇರಲಿ. ಒಂದು ಬದಿ ಇನ್ನೊಂದಕ್ಕಿಂತ ಅರ್ಧ ಇಂಚಿಗೂ ಹೆಚ್ಚು ಕುಸಿದಿದ್ದರೆ ಸ್ಪ್ರಿಂಗ್ ಬಗ್ಗೆ ಯೋಚಿಸಬೇಕು. ಎರಡೂ ಬದಿ ಸರಿಸಮ ಇದ್ದು, ಎತ್ತರವೂ ಕಾರಿನ ಕೈಪಿಡಿಯಲ್ಲಿ ಕೊಟ್ಟದ್ದಕ್ಕೆ ಹತ್ತಿರ ಇದ್ದರೆ ಕಾಯಿಲ್ ಸ್ಪ್ರಿಂಗಿನ ದುಡ್ಡು ಉಳಿಯಿತು.

ಮುಂದಿನ ಚಕ್ರ ಜಾಕ್ ಮೇಲೆ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಟ್ಟು, ಟೈರನ್ನು ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿ. ಕಟಕಟ ಅಂದರೆ ಮನೆಯವರನ್ನು ಯಾರನ್ನಾದರೂ ಕೂರಿಸಿ ಬ್ರೇಕ್ ಒತ್ತಿಸಿ, ಮತ್ತೆ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಆಟ ಮಾಯವಾದರೆ ಅದು ಚಕ್ರದ ಬೇರಿಂಗಿನದು. ಒತ್ತಿದರೂ ಉಳಿದರೆ ಕಿಂಗ್ ಪಿನ್ನಿನದು, ಇಲ್ಲವೇ ಅದರ ಕೆಳಗಿನ ಪಿವಟ್‌ನದು. ಎರಡರಲ್ಲಿ ಯಾವುದು ಅಂತ ತಿಳಿಯಲು ಕಾರಿನ ಕೆಳಗೆ ಇನ್ನೊಬ್ಬರು ಟಾರ್ಚ್ ಹಿಡಿದು ಮಲಗಬೇಕು, ಕಬ್ಬಿಣ ಎಲ್ಲಿ ಸರಿಯುತ್ತಿದೆ ಅಂತ ಕಣ್ಣಿಗೇ ಕಾಣುತ್ತದೆ. ಹಿಡಿಯುವ ಕೈಯನ್ನು ಎಡಬಲಕ್ಕೆ ಬದಲಿಸಿದರೆ ಟೈ ರಾಡ್ ಎಂಡಿನ, ಅಂದರೆ ಸ್ಟಿಯರಿಂಗ್ ದಂಡದ ತುದಿಯ ಕೀಲಿನ, ಆಟ ಸಿಗುತ್ತದೆ.

ಈ ಹೊತ್ತಿಗೆ ನಿಮ್ಮ ಕೈಯಲ್ಲಿ ಒಂದು ಪಟ್ಟಿ ಇರುತ್ತದೆ. ಆ ಪಟ್ಟಿಯಲ್ಲಿ ಇಲ್ಲದ್ದನ್ನು ಕೊಳ್ಳಲು ಮನಸ್ಸಾದರೆ ಒಂದು ರಾತ್ರಿ ತಡೆಯಿರಿ.

ಕಿಂಗ್ ಪಿನ್: ಇಲ್ಲಿ ಕೈ ಬಿಗಿ ಬೇಡ

ಖರ್ಚಿನಲ್ಲಿ ಮೊದಲ ಪಾಲು ಇದಕ್ಕೆ. ಚಕ್ರ ಕಾರಿಗೆ ಅಂಟಿಕೊಂಡಿರುವುದೇ ಇದರಿಂದ. ಅಗ್ಗದ ಕಿಂಗ್ ಪಿನ್ನುಗಳಲ್ಲಿ ಮೇಲ್ಮೈ ಸರಿಯಾಗಿ ಹಾರ್ಡನ್ ಆಗಿರುವುದಿಲ್ಲ. ಅದನ್ನು ನೋಡುವುದು ಸುಲಭ. ಪಿನ್ನಿನ ಬುಷ್ ಕೂರದ ಜಾಗದಲ್ಲಿ ಚೂಪಾದ ಹೊಸ ಅರ ಇಟ್ಟು ಮೆಲ್ಲಗೆ ಎಳೆಯಿರಿ. ಹಾರ್ಡನ್ ಆಗಿದ್ದರೆ ಅರ ಗಾಜಿನ ಮೇಲಿನಂತೆ ಜಾರುತ್ತದೆ. ಕಚ್ಚಿ ಪುಡಿ ಎದ್ದರೆ ಆ ಪಿನ್ ವಾಪಸ್ ಕಳಿಸಿ.

ಕಿಟ್ಟಿನ ಜೊತೆ ಬರುವ ಕಂಚಿನ ಬುಷ್ ಹಾಗೇ ಹೊಡೆದು ಕೂರಿಸುವ ಸಾಮಾನಲ್ಲ. ಒತ್ತಿ ಕೂರಿಸಿದ ಮೇಲೆ ಎರಡೂ ಬುಷ್ಷನ್ನು ಒಂದೇ ನೇರಕ್ಕೆ ರೀಮ್ ಮಾಡಬೇಕು, ಅಂದರೆ ಒಳಗನ್ನು ಹೆರೆದು ಪಿನ್ನಿನ ಅಳತೆಗೆ ತರಬೇಕು. ಕೊಡಗಿನ ಪೇಟೆಗಳಲ್ಲಿ ಒಳ್ಳೆ ಲೇತ್ ಶಾಪ್‌ಗಳಿವೆ, ಟ್ರ್ಯಾಕ್ಟರ್ ಮತ್ತು ಜೀಪಿನ ಕಿಂಗ್ ಪಿನ್ ಕೆಲಸ ಮಾಡಿ ಕೈ ಪಳಗಿದವರಿದ್ದಾರೆ. ಆದರೆ ಅವರಲ್ಲಿ ಈ ಅಳತೆಯ, ನೇರ ಹಿಡಿಯುವ ಉದ್ದನೆ ಮುಂತುದಿ (ಪೈಲಟ್) ಇರುವ ರೀಮರ್ ಇದೆಯೇ ಅಂತ ಮೊದಲೇ ಕೇಳಿ. ಮೇಲಿನದನ್ನು ಒಮ್ಮೆ, ಕೆಳಗಿನದನ್ನು ಒಮ್ಮೆ ಬಿಡಿಬಿಡಿಯಾಗಿ ಕೊರೆದರೆ ಪಿನ್ ಸೊಟ್ಟ ಕೂರುತ್ತದೆ, ಸ್ಟಿಯರಿಂಗ್ ಒಂದು ಕಡೆ ಬಿಗಿಯುತ್ತದೆ. ಇನ್ನೊಂದು, ಬುಷ್ಷಿನ ಗ್ರೀಸ್ ತೂತು ನಿಪ್ಪಲ್ ತೂತಿಗೆ ಸರಿಯಾಗಿ ಎದುರಾಗಬೇಕು. ಎದುರಾಗದಿದ್ದರೆ ಹೊರಗಿನಿಂದ ಎಷ್ಟು ಗ್ರೀಸ್ ಹೊಡೆದರೂ ಒಳಗೆ ಒಣಕಲೇ.

ಕಿಂಗ್ ಪಿನ್ನಿನ ಅಡಿಯಲ್ಲಿ ಒಂದು ಉದ್ದ ಬೋಲ್ಟ್, ಅದರ ಮೇಲೆ ಒಂದು ಕೊಳವೆ, ಎರಡು ಥ್ರಸ್ಟ್ ವಾಷರ್ ಇರುತ್ತವೆ. ಈ ಕೊಳವೆ ಕಿಂಗ್ ಪಿನ್ನಿನ ಅಡಿಯ ಅಗಲಕ್ಕಿಂತ ಕೂದಲೆಳೆಯಷ್ಟು ಉದ್ದ ಇರಬೇಕು. ಆಗ ಬೋಲ್ಟನ್ನು ಪೂರ್ತಿ ಬಿಗಿದರೂ ಕಿಂಗ್ ಪಿನ್ ಆಡುತ್ತದೆ. ಈಚಿನ ಕೆಲವು ಕಿಟ್‌ಗಳಲ್ಲಿ ಕೊಳವೆ ಗಿಡ್ಡ. ಕಟ್ಟುವ ಮೊದಲು ಮೇಜಿನ ಮೇಲೇ ಜೋಡಿಸಿ, ಸಂದಿ ಅಳೆಯುವ ತೆಳು ತಗಡು (ಫೀಲರ್ ಗೇಜ್) ತೂರಿಸಿ ನೋಡಿ. ಸಿಕ್ಕಿಹಾಕಿಕೊಂಡರೆ ಸರಿಯಾದ ಉದ್ದದ ಕೊಳವೆ ತರಿಸಿ. ನಟ್ಟನ್ನು ಸಡಿಲ ಬಿಟ್ಟು ಸರಿಮಾಡುತ್ತೇನೆ ಅನ್ನುವವರಿದ್ದಾರೆ, ಅಂಥವರ ಕಾರಿನಲ್ಲಿ ಘಾಟಿ ಇಳಿಯಬೇಡಿ.

ಚಕ್ರದ ಬೇರಿಂಗ್ ಕೂಡ ಇದೇ ಸುತ್ತಿನಲ್ಲಿ ಮುಗಿಸಿ. ಎರಡು ಟೇಪರ್ ಬೇರಿಂಗುಗಳ ನಡುವೆ ಒಂದು ಸ್ಪೇಸರ್ ಮತ್ತು ಶಿಮ್ ಅನ್ನುವ ತೆಳು ಉಂಗುರಗಳಿರುತ್ತವೆ. ಎಷ್ಟೋ ಹಳೆ ಕಾರುಗಳಲ್ಲಿ ಯಾರೋ ಅದನ್ನು ಕಳೆದುಹಾಕಿ, ಜೀಪಿಗೆ ಮಾಡುವಂತೆ ನಟ್ ಬಿಗಿದು ಸ್ವಲ್ಪ ಸಡಿಲಿಸಿ ಬಿಟ್ಟಿರುತ್ತಾರೆ. ಸ್ಪೇಸರ್ ಇದ್ದರೆ ಚಕ್ರ ಕೂರುವ ಗಿಡ್ಡ ದಂಡಕ್ಕೆ (ಸ್ಟಬ್ ಆಕ್ಸಲ್) ಬಲ ಬರುತ್ತದೆ. ಕಳೆದುಹೋಗಿದ್ದರೆ ತರಿಸಿ, ಆಟ 0.002ರಿಂದ 0.004 ಇಂಚು ಬರುವಂತೆ ಶಿಮ್ ಹಾಕಿ.

ಬುಷ್: ರಬ್ಬರೋ, ಪಾಲಿಯೋ?

ಹೆಚ್ಚು ಚರ್ಚೆ ನಡೆಯುವುದು ಇಲ್ಲಿ. ನನ್ನ ಓಟು ರಬ್ಬರಿಗೆ.

ಪಾಲಿಯುರೆಥೇನ್ ಬುಷ್ ಬಾಳಿಕೆ ಬರುತ್ತದೆ, ಎಣ್ಣೆಗೆ ಊದಿಕೊಳ್ಳುವುದಿಲ್ಲ, ಕೈಯಲ್ಲೇ ಕೂರಿಸಬಹುದು, ಎಲ್ಲ ನಿಜ. ಆದರೆ ಎರಡೂ ಕೆಲಸ ಮಾಡುವ ರೀತಿಯೇ ಬೇರೆ. ಲೋಹದ ಕೊಳವೆಗೆ ಅಂಟಿಸಿದ ರಬ್ಬರ್ ಬುಷ್ ತಿರುಗುವುದಿಲ್ಲ, ತಾನೇ ತಿರುಚಿಕೊಳ್ಳುತ್ತದೆ, ಉಜ್ಜಾಟ ಇಲ್ಲ. ಪಾಲಿ ಬುಷ್ ಒಳಗಿನ ಉಕ್ಕಿನ ಕೊಳವೆಯ ಮೇಲೆ ಉಜ್ಜಿಕೊಂಡು ತಿರುಗುತ್ತದೆ. ಆ ಸಂದಿಗೆ ನಮ್ಮ ಕೆಂಪು ಮಣ್ಣಿನ ಕೆಸರು ಹೊಕ್ಕರೆ ಮಸೆಗಲ್ಲಿನ ಕೆಲಸ ಶುರು. ಮೊದಲು ಕಿರಗುಟ್ಟುತ್ತದೆ, ಆಮೇಲೆ ಕೊಳವೆ ಸವೆಯುತ್ತದೆ. ಮಡಿಕೇರಿಯಲ್ಲೇ ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ ಬೀಳುವಾಗ ಇದು ಸಣ್ಣ ಮಾತಲ್ಲ. ಜೊತೆಗೆ ಪಾಲಿಯಲ್ಲೂ ಎರಡು ಜಾತಿ. ಪಾಲಿಎಸ್ಟರ್ ಮೂಲದ್ದು ವರ್ಷಗಟ್ಟಲೆ ತೇವದಲ್ಲಿ ಇದ್ದರೆ ಮೆತ್ತಗಾಗಿ ಒಡೆಯುತ್ತದೆ, ಪಾಲಿಈಥರ್ ಮೂಲದ್ದು ನೀರಿಗೆ ತಡೆಯುತ್ತದೆ. ಪಾಲಿಯೇ ಬೇಕೆಂದರೆ ಯಾವುದು ಅಂತ ಮಾರುವವರನ್ನು ಕೇಳಿ. ಉತ್ತರ ಬರದಿದ್ದರೆ ಬೇರೆ ಅಂಗಡಿ ನೋಡಿ.

ಎಂಜಿಬಿಯ ಮುಂದಿನ ಕೆಳತೋಳಿಗೆ ಮೂಲದಲ್ಲಿ ಇದ್ದದ್ದು ಎರಡು ತುಂಡಿನ ಬರಿ ರಬ್ಬರ್ ಬುಷ್, ಅದು ಬೇಗ ಹಿಂಡಿಹೋಗುತ್ತದೆ. ಎಂಜಿಬಿ ಜಿಟಿ ವಿ8 ಕಾರಿಗೆ ಕಾರ್ಖಾನೆಯೇ ಉಕ್ಕಿನ ಕವಚ ಇರುವ ಒಂದೇ ತುಂಡಿನ ಬುಷ್ ಹಾಕಿತ್ತು. ಅದೇ ಬುಷ್ ಸಾಮಾನ್ಯ ಎಂಜಿಬಿಗೂ ಹೊಂದುತ್ತದೆ, ಬೆಲೆಯೂ ಹೆಚ್ಚಲ್ಲ. 'ಅಪ್‌ಗ್ರೇಡ್' ಅಂತ ನಾನು ಒಪ್ಪಿಕೊಳ್ಳುವುದು ಇದೊಂದನ್ನೇ. ಸೋಪಿನ ನೀರು ಹಚ್ಚಿ ಬೆಂಚ್ ವೈಸ್‌ನಲ್ಲಿ ಒತ್ತಿ ಕೂರಿಸಿ. ಎಂಜಿನ್ ಆಯಿಲ್, ಗ್ರೀಸ್ ತಾಗಿಸಬೇಡಿ, ರಬ್ಬರ್ ಊದುತ್ತದೆ.

ಹಳೆ ಸ್ಟಾಕು, ಸೀಲ್ ಒಡೆಯದ ಡಬ್ಬ, ಮೇಲೆ ಮೂಲ ಕಂಪನಿಯ ಚೀಟಿ: ಆಸೆ ಹುಟ್ಟಿಸುವ ಮಾಲು. ಉಕ್ಕಿನ ಸಾಮಾನಾದರೆ ಕಣ್ಣುಮುಚ್ಚಿ ತೆಗೆದುಕೊಳ್ಳಿ. ರಬ್ಬರಾದರೆ ಬೇಡವೇ ಬೇಡ. ನಲವತ್ತು ವರ್ಷ ಡಬ್ಬದಲ್ಲಿ ಕೂತ ರಬ್ಬರ್ ಹೊರಗಿನಿಂದ ಹೊಸದಾಗಿ ಕಂಡರೂ ಒಳಗೆ ಗಟ್ಟಿಯಾಗಿರುತ್ತದೆ. ಉಗುರಿನಿಂದ ಒತ್ತಿ ಬಗ್ಗಿಸಿ ನೋಡಿದರೆ ಮೇಲ್ಮೈಯಲ್ಲಿ ಸಣ್ಣ ಬಿರುಕುಗಳು ಬಾಯಿ ಬಿಡುತ್ತವೆ.

ಸ್ಪ್ರಿಂಗ್: ಗಟ್ಟಿಯದು ಒಳ್ಳೆಯದು ಅನ್ನುವ ನಂಬಿಕೆ

ಕಾಯಿಲ್ ಸ್ಪ್ರಿಂಗಿನ ಗಟ್ಟಿತನ ತಂತಿಯ ದಪ್ಪದ ನಾಲ್ಕನೇ ಘಾತಕ್ಕೆ ಏರುತ್ತದೆ. ಅಂದರೆ ತಂತಿ ಶೇ. 10 ದಪ್ಪವಾದರೆ ಸ್ಪ್ರಿಂಗ್ ಶೇ. 46 ಗಟ್ಟಿಯಾಗುತ್ತದೆ. 'ಸ್ವಲ್ಪ ದಪ್ಪ, ಅಷ್ಟೇ' ಅನ್ನುವ ಮಾತಿನ ಹಿಂದೆ ಇಷ್ಟು ಲೆಕ್ಕ ಇದೆ. ತಗ್ಗಿಸಲು ಒಂದು ಸುತ್ತು ಕತ್ತರಿಸಿದರೂ ಹಾಗೆಯೇ, ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗ್ ಗಟ್ಟಿ. ಇಷ್ಟಾಗಿ, ಗಟ್ಟಿ ಸ್ಪ್ರಿಂಗ್ ಹಾಕಿ ಹಳೆ ಶಾಕನ್ನೇ ಬಿಟ್ಟರೆ ಸ್ಪ್ರಿಂಗ್ ವಾಪಸ್ ನೆಗೆಯುವ ರಭಸವನ್ನು ಶಾಕ್ ಹಿಡಿಯಲಾರದು. ಭಾಗಮಂಡಲದಿಂದ ತಲಕಾವೇರಿಗೆ ಏರುವ ತಿರುವಿನಲ್ಲಿ ಒಂದು ಗುಂಡಿ ಸಿಕ್ಕರೆ ಟೈರ್ ನೆಲ ಬಿಟ್ಟು ನೆಗೆಯುತ್ತದೆ, ನೆಲ ಬಿಟ್ಟ ಟೈರಿಗೆ ತಿರುವು ಗೊತ್ತಿಲ್ಲ. ನಿಮ್ಮ ಚಾಸಿ ನಂಬರಿಗೆ ಹೇಳಿದ ಮೂಲ ಅಳತೆಯ ಸ್ಪ್ರಿಂಗೇ ಸಾಕು, ಯಾವಾಗಲೂ ಜೋಡಿಯಾಗಿ ಬದಲಿಸಿ.

ಹಿಂದಿನ ಲೀಫ್ ಸ್ಪ್ರಿಂಗ್ ಬಗ್ಗೆ ನಮ್ಮ ಮೇಸ್ತ್ರಿಗಳದ್ದು ಒಂದೇ ಔಷಧಿ. "ಸಾರ್, ಒಂದು ಪ್ಲೇಟ್ ಜಾಸ್ತಿ ಹಾಕ್ಬಿಡುವ, ಆಮೇಲೆ ಜಗ್ಗೋದೇ ಇಲ್ಲ." ಮೂಟೆಗೆ 50 ಕೆ.ಜಿ. ಲೆಕ್ಕದಲ್ಲಿ ಕಾಫಿ ಚೆರಿ ಹೇರುವ ಪಿಕಪ್ಪಿಗೆ ಇದು ಸರಿಯಾದ ಮಾತು, ಅವರ ಅನುಭವವೂ ಅಲ್ಲಿಂದಲೇ ಬಂದದ್ದು. ಇಬ್ಬರು ಕೂತು ಒಂದು ಕೊಡೆ, ಒಂದು ಬ್ಯಾಗ್ ಇಡುವ ಕಾರಿಗಲ್ಲ. ಪ್ಲೇಟ್ ಸೇರಿಸಿದ ಎಂಜಿಬಿ ಹಿಂದೆ ಮೇಲೆತ್ತಿಕೊಂಡು, ರಸ್ತೆಯ ಪ್ರತಿ ಉಬ್ಬಿಗೂ ಬೆನ್ನಿಗೆ ಗುದ್ದುತ್ತದೆ.

ಹಳೆಯದನ್ನು ಮತ್ತೆ ಬಗ್ಗಿಸಿ ಕೊಡುವ ಲಾರಿ ಸ್ಪ್ರಿಂಗಿನ ಅಂಗಡಿಗಳು ಮೈಸೂರಿನ ಕಡೆ ಇವೆ. ಬಗ್ಗಿಸಿದ ಮೇಲೆ ಸರಿಯಾಗಿ ಕಾಸಿ, ಎಣ್ಣೆಗೆ ಅದ್ದಿ, ಟೆಂಪರ್ ಮಾಡುತ್ತಾರೆಯೇ ಕೇಳಿ. ಸುಮ್ಮನೆ ಸುತ್ತಿಗೆಯಲ್ಲಿ ಬಡಿದು ಬಗ್ಗಿಸಿದ್ದು ಮತ್ತೆ ಕುಸಿಯುತ್ತದೆ. ಪ್ಲೇಟುಗಳು ತುಕ್ಕು ತಿಂದು ಒಂದರ ಮೇಲೊಂದು ಗುಳಿ ಬಿದ್ದಿದ್ದರೆ ರಿಪೇರಿ ಮಾತು ಬಿಡಿ, ಹೊಸ ಜೋಡಿ ತರಿಸಿ. ಯು ಬೋಲ್ಟ್, ಸ್ಪ್ರಿಂಗಿನ ಹಿಂತುದಿಯ ಕೊಂಡಿಗೆ ಹಾಕುವ ಶ್ಯಾಕಲ್ ಬುಷ್, ಆಕ್ಸಲ್ ಮತ್ತು ಸ್ಪ್ರಿಂಗ್ ನಡುವಿನ ರಬ್ಬರ್ ಪ್ಯಾಡ್, ಆಕ್ಸಲ್ ತೀರ ಕೆಳಗೆ ಇಳಿಯದಂತೆ ಹಿಡಿಯುವ ರಬ್ಬರ್ ಪಟ್ಟಿ, ಇವೆಲ್ಲ ಅದೇ ಆರ್ಡರಿನಲ್ಲಿ ಬರಲಿ. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ.

ಶಾಕ್

ಲಿವರ್ ಆರ್ಮ್ ಶಾಕ್ ಹಳೇ ಕಾಲದ್ದು, ಕೆಲಸಕ್ಕೆ ಬಾರದ್ದು ಅಂತ ಹೇಳುವವರು ಹೆಚ್ಚಾಗಿ ಎಣ್ಣೆ ಸೋರಿಹೋದ ಶಾಕನ್ನು ಮಾತ್ರ ಕಂಡವರು. ಹಿಂದಿನದರ ಕೊಂಡಿ ಕಳಚಿ ತೋಳನ್ನು ಕೈಯಲ್ಲಿ ಮೇಲೆ ಕೆಳಗೆ ಆಡಿಸಿ. ಉದ್ದಕ್ಕೂ ಒಂದೇ ಸಮ ಬಿಗಿ ಇರಬೇಕು. ನಡುವೆ ಎಲ್ಲೋ ಒಂದೆಡೆ ಪೊಳ್ಳು ಸಿಕ್ಕರೆ ಎಣ್ಣೆ ಕಡಿಮೆಯಾಗಿ ಗಾಳಿ ಸೇರಿದೆ. ತೋಳು ಕೂರುವ ದಂಡ ಪಕ್ಕಕ್ಕೆ ಅಲ್ಲಾಡಿ ಸುತ್ತ ಎಣ್ಣೆ ಒಸರುತ್ತಿದ್ದರೆ ಎಣ್ಣೆ ತುಂಬಿಸಿ ಪ್ರಯೋಜನ ಇಲ್ಲ, ಒಳಗಿನ ಬುಷ್ ಮತ್ತು ಸೀಲ್ ಬದಲಿಸಬೇಕು. ಮುಂದಿನ ಶಾಕ್ ಆದರೆ ಇದು ಇನ್ನೂ ಗಂಭೀರ. ಆ ತೋಳೇ ಮೇಲಿನ ವಿಶ್‌ಬೋನ್ ಅಂತ ಆಗಲೇ ಹೇಳಿದೆನಲ್ಲ. ದಂಡ ಅಲ್ಲಾಡಿದರೆ ಚಕ್ರದ ಕೋನವೇ ಅಲ್ಲಾಡುತ್ತದೆ, ಅಲೈನ್‌ಮೆಂಟ್ ಎಷ್ಟು ಸಲ ಮಾಡಿಸಿದರೂ ನಿಲ್ಲುವುದಿಲ್ಲ.

ಸೀಲ್ ಮಾತ್ರ ಬದಲಿಸಿ ಬಣ್ಣ ಬಳಿದು 'ರೀಬಿಲ್ಟ್' ಅಂತ ಮಾರುವುದುಂಟು. ದಂಡದ ಬೇರಿಂಗ್ ಬದಲಿಸಿದ್ದೀರಾ ಅಂತ ಬರವಣಿಗೆಯಲ್ಲಿ ಕೇಳಿ. ಹಿಂದೆ ಟೆಲಿಸ್ಕೋಪಿಕ್ ಶಾಕ್ ಹಾಕುವ ಕಿಟ್ ಕೂಡ ಸಿಗುತ್ತದೆ, ತಪ್ಪೇನಿಲ್ಲ. ಆದರೆ ಅದರ ಕೆಳಗಿನ ಬ್ರಾಕೆಟ್ ಎಷ್ಟು ಕೆಳಗೆ ಜೋತುಬೀಳುತ್ತದೆ ನೋಡಿಕೊಳ್ಳಿ. ತೋಟದ ದಾರಿಯ ಕಲ್ಲಿಗೆ ಮೊದಲು ತಾಗುವುದು ಅದೇ.

ಟ್ರಯಂಫ್ ಸ್ಪಿಟ್‌ಫೈರ್ ಇದ್ದವರಿಗೆ ಒಂದು ಮಾತು

ಸ್ಪಿಟ್‌ಫೈರ್ ಹುಟ್ಟಿದ್ದು ಟ್ರಯಂಫ್ ಕಂಪನಿಯದೇ ಹೆರಾಲ್ಡ್ ಕಾರಿನ ಮನೆತನದಲ್ಲಿ. ಅದೇ ಹೆರಾಲ್ಡ್ 1961ರಿಂದ ಮದರಾಸಿನಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಆಗಿ ತಯಾರಾಯಿತು. ಹಾಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಚೆನ್ನೈನ ಹಳೆ ಸಾಮಾನಿನ ಅಂಗಡಿಯಲ್ಲೋ ಅದರ ಮುಂದಿನ ಸಸ್ಪೆನ್ಷನ್ ತುಂಡುಗಳು ಸಿಕ್ಕರೆ ಆಶ್ಚರ್ಯವಿಲ್ಲ. ಡ್ರಮ್ ಬ್ರೇಕಿನದೋ ಡಿಸ್ಕಿನದೋ ಅಂತ ಪಕ್ಕಪಕ್ಕ ಇಟ್ಟು ನೋಡದೆ ದುಡ್ಡು ಕೊಡಬೇಡಿ. ಇದರಲ್ಲಿ ಕೆಳಗಿನ ಬಾಲ್ ಜಾಯಿಂಟ್ ಜಾಗದಲ್ಲಿ ಕಂಚಿನ ಟ್ರನಿಯನ್ ಇದೆ, ಚಕ್ರ ತಿರುಗಿದಾಗ ಉಕ್ಕಿನ ದಂಡ ಅದರೊಳಗೆ ಸ್ಕ್ರೂ ಥರ ತಿರುಗುತ್ತದೆ. ಎಡಬಲದ ಮರೆ, ಅಂದರೆ ಥ್ರೆಡ್, ಬೇರೆಬೇರೆ, ಅದಲುಬದಲು ಮಾಡುವಂತಿಲ್ಲ. ಇದಕ್ಕೆ ಹಾಕಬೇಕಾದ್ದು 90 ನಂಬರಿನ ಗೇರ್ ಆಯಿಲ್, ಗ್ರೀಸ್ ಅಲ್ಲ. ಗ್ರೀಸ್ ಗಟ್ಟಿಯಾಗಿ ಎಣ್ಣೆಯ ದಾರಿ ಮುಚ್ಚುತ್ತದೆ, ಒಳಗೆ ನೀರು ನಿಂತು ಉಕ್ಕಿನ ದಂಡ ತುಕ್ಕು ಹಿಡಿಯುತ್ತದೆ, ಒಂದು ದಿನ ಸ್ಟಿಯರಿಂಗ್ ತಿರುಗಿಸುವಾಗ ತುಂಡಾಗಿ ಚಕ್ರ ಮಡಚಿಕೊಳ್ಳುತ್ತದೆ. ಹಳೆ ದಂಡದ ಮರೆಯ ಮೇಲ್ತುದಿಯಲ್ಲಿ ತುಕ್ಕಿನ ಗುಳಿ ಕಂಡರೆ ಅದು ಗುಜರಿಗೆ. ಗ್ರೀಸ್ ಗನ್ ಹಿಡಿದು ಬರುವ ಹುಡುಗನಿಗೆ ಕಾಣುವಂತೆ ಅಲ್ಲೇ ಬಿಳಿ ಬಣ್ಣದಲ್ಲಿ 'ಆಯಿಲ್' ಅಂತ ಬರೆದಿಡಿ.

ಬೋಲ್ಟು, ಬಣ್ಣ, ತುಕ್ಕು

ತುಕ್ಕು ಹಿಡಿಯುವುದಿಲ್ಲ ಅಂತ ಸ್ಟೇನ್‌ಲೆಸ್ ಬೋಲ್ಟ್ ಹಾಕುವ ಆಸೆ ಮಳೆ ಊರಿನವರಿಗೆ ಸಹಜ. ಮಾಮೂಲಿ ಸ್ಟೇನ್‌ಲೆಸ್ ಬೋಲ್ಟಿಗೆ ಹೈ ಟೆನ್ಸೈಲ್ ಬೋಲ್ಟಿನ ಬಲ ಇಲ್ಲ, ಸಸ್ಪೆನ್ಷನ್‌ಗೆ ಬೇಡ. ಎಂಜಿಬಿಯಲ್ಲಿ ಬಹುಪಾಲು ಯುಎನ್‌ಎಫ್, ಅಂದರೆ ಇಂಚಿನ ಅಳತೆಯ ಸಣ್ಣ ಮರೆ. ಮೆಟ್ರಿಕ್ ಬೋಲ್ಟ್ ಎರಡು ಸುತ್ತು ಹೋಗಿ ಬಿಗಿಯಾದರೆ 'ಹೊಂದಿತು' ಅಂತ ಒತ್ತಾಯ ಮಾಡಬೇಡಿ. ತಲೆಯ ಮೇಲೆ ಮೂರು ಗೆರೆ ಇದ್ದರೆ ಗ್ರೇಡ್ 5, ಆರು ಗೆರೆ ಇದ್ದರೆ ಗ್ರೇಡ್ 8. ಗೆರೆಯೇ ಇಲ್ಲದ್ದು ಗೇಟಿಗೆ. ಒಳಗೆ ನೈಲಾನ್ ಉಂಗುರ ಇರುವ ನೈಲಾಕ್ ನಟ್ ಒಮ್ಮೆ ಬಿಚ್ಚಿದರೆ ಮುಗಿಯಿತು, ಹೊಸದು ಹಾಕಿ.

ಸ್ಪ್ರಿಂಗ್ ಕೂರುವ ತಟ್ಟೆಯ ನೀರಿನ ತೂತುಗಳನ್ನು ಬಿಡಿಸಿಡಿ, ಕೆಸರು ಅಲ್ಲೇ ಕೂತು ತಟ್ಟೆಯನ್ನು ತಿನ್ನುವುದು. ಪೌಡರ್ ಕೋಟಿಂಗ್ ಮಾಡಿಸುವುದಾದರೆ ಬೋಲ್ಟ್ ಬಿಗಿಯುವ ಮುಖಗಳಿಗೆ ಟೇಪ್ ಹಚ್ಚಿಸಿ, ದಪ್ಪ ಪದರ ಒತ್ತಿಕೊಂಡು ಬೋಲ್ಟ್ ಸಡಿಲವಾಗುತ್ತದೆ. ಇನ್ನೊಂದು ನಮ್ಮೂರಿನ ಸಂಗತಿ. ತೋಟಕ್ಕೆ ಸಿಂಪಡಿಸುವ ಬೋರ್ಡೋ ಮಿಶ್ರಣಕ್ಕೆ ತಂದ ಮೈಲುತುತ್ತದ ಚೀಲವನ್ನು ಕಾರಿನ ಶೆಡ್ಡಿನಲ್ಲಿ ಇಡಬೇಡಿ. ತೇವಕ್ಕೆ ಕರಗಿ ಕಬ್ಬಿಣಕ್ಕೆ ತಾಗಿದರೆ ಅದು ಕಬ್ಬಿಣವನ್ನೇ ತಿನ್ನುತ್ತದೆ.

ಯಾವಾಗ ತರಿಸುವುದು, ಹೇಗೆ ಕಟ್ಟುವುದು

ಹೂಮಳೆ ಬಿದ್ದು ತೋಟದ ಕೆಲಸ ಸ್ವಲ್ಪ ಹಗುರಾದ ಏಪ್ರಿಲ್‌ನಲ್ಲಿ ಅಳತೆ ಮುಗಿಸಿ ಆರ್ಡರ್ ಕೊಡಿ. ಬಿಡಿಬಿಡಿಯಾಗಿ ತರಿಸಿದರೆ ಪ್ರತಿ ಪೊಟ್ಟಣಕ್ಕೂ ಸಾಗಣೆ, ಕಸ್ಟಮ್ಸ್ ಬೇರೆ ಬೇರೆ. ಗೆಳೆಯರ ಪಟ್ಟಿಯನ್ನೂ ಸೇರಿಸಿ ಒಟ್ಟಿಗೆ ತರಿಸುವುದು ಲೇಸು. ಜೂನ್‌ನಲ್ಲಿ ಮಳೆ ಹಿಡಿದರೆ ಕಾರು ಹೇಗೂ ಶೆಡ್ಡಿನಲ್ಲೇ, ಆಗ ಬಿಚ್ಚಿ. ಸೆಪ್ಟೆಂಬರಿನಲ್ಲಿ ಕೊಡವರು ಆಯುಧ ಪೂಜಿಸುವ ಕೈಲ್‌ಪೋದ್ ಹಬ್ಬದ ಹೊತ್ತಿಗೆ ಚಕ್ರದ ಮೇಲೆ ನಿಂತಿದ್ದರೆ ಕೋವಿಯ ಜೊತೆ ಅದಕ್ಕೂ ಹೂ ಮುಡಿಸಬಹುದು. ಜುಲೈನಲ್ಲಿ ಬರಿ ಉಕ್ಕು ಒಂದು ರಾತ್ರಿಯಲ್ಲಿ ಕೆಂಪಾಗುತ್ತದೆ, ಉಜ್ಜಿದ ತಕ್ಷಣ ಎಣ್ಣೆ ಸವರಿ.

ಮುಂದಿನ ಕಾಯಿಲ್ ಸ್ಪ್ರಿಂಗ್ ಬಿಚ್ಚುವಾಗ ಬರಿ ಜಾಕನ್ನು ನಂಬಬೇಡಿ. ತಟ್ಟೆಯ ಬೋಲ್ಟುಗಳಲ್ಲಿ ಎದುರುಬದುರು ಎರಡನ್ನು ತೆಗೆದು ಆ ಜಾಗಕ್ಕೆ ಉದ್ದನೆ ಹೈ ಟೆನ್ಸೈಲ್ ಥ್ರೆಡ್ ರಾಡ್ ಹಾಕಿ. ಉಳಿದ ಬೋಲ್ಟ್ ಬಿಚ್ಚಿ, ರಾಡಿನ ನಟ್ಟುಗಳನ್ನು ಒಂದಿಷ್ಟೊಂದಿಷ್ಟೇ ಸಡಿಲಿಸುತ್ತ ಇಳಿಸಿ. ಒತ್ತಿದ ಸ್ಪ್ರಿಂಗ್ ಕೈತಪ್ಪಿದರೆ ಮೂಳೆ ಮುರಿಯುವಷ್ಟು ಬಲ ಇರುತ್ತದೆ.

ಕಟ್ಟುವಾಗ ರಬ್ಬರ್ ಬುಷ್ಷಿನ ಬೋಲ್ಟುಗಳನ್ನು ಕೈಬಿಗಿ ಮಾತ್ರ ಮಾಡಿ. ಕಾರನ್ನು ನೆಲಕ್ಕಿಳಿಸಿ, ನಾಲ್ಕು ಸಲ ಒತ್ತಿ ಕೂರಿಸಿ, ಭಾರ ಚಕ್ರದ ಮೇಲಿರುವಾಗಲೇ ಪೂರ್ತಿ ಬಿಗಿಯಿರಿ. ಚಕ್ರ ನೇತಾಡುವಾಗ ಬಿಗಿದರೆ ಕಾರು ನಿಂತಾಗಲೆಲ್ಲ ರಬ್ಬರ್ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ, ಎತ್ತರದ ಅಳತೆಯೂ ಸುಳ್ಳಾಗುತ್ತದೆ. ಇದನ್ನು ಗ್ಯಾರೇಜಿನವರಿಗೆ ಒತ್ತಿ ಹೇಳಬೇಕು, ಏಕೆಂದರೆ ಲಿಫ್ಟ್ ಮೇಲೆ ಇರುವಾಗಲೇ ಎಲ್ಲ ಬಿಗಿದು ಮುಗಿಸುವುದು ಅವರಿಗೆ ಸಲೀಸು.

ಗ್ರೀಸ್ ನಿಪ್ಪಲ್ ಒಂದು ಬದಿಗೆ ಮೂರು. ಚಕ್ರ ಎತ್ತಿ, ಭಾರ ಇಲ್ಲದಾಗ ಹೊಡೆದರೆ ಗ್ರೀಸ್ ಎಲ್ಲ ಕಡೆ ಹೋಗುತ್ತದೆ. ಹಳೆಯದು ಅಂಚಿನಿಂದ ಹೊರಬರುವವರೆಗೆ ಹೊಡೆಯಿರಿ. ಕೈಪಿಡಿ ಹೇಳುವುದು 3000 ಮೈಲಿಗೊಮ್ಮೆ. ನಮ್ಮಲ್ಲಿ ಮಳೆಗಾಲದ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಅಂತ ಇಟ್ಟುಕೊಳ್ಳಿ, ಮೈಲಿ ಎಷ್ಟೇ ಆಗಿರಲಿ.

ಅಲೈನ್‌ಮೆಂಟಿಗೆ ಹೋದಾಗ ಕಂಪ್ಯೂಟರಿನಲ್ಲಿ ಎಂಜಿಬಿ ಹೆಸರು ಸಿಗದೆ ಬೇರೆ ಯಾವುದೋ ಕಾರಿನ ಅಂಕಿ ಹಾಕುವುದುಂಟು. ಚೀಟಿಯಲ್ಲಿ ಬರೆದುಕೊಂಡು ಹೋಗಿ: ಟೋ ಇನ್ (ಮುಂದಿನ ಚಕ್ರಗಳ ಮುಂಭಾಗ ಒಳಮುಖ ಆಗಿರುವಷ್ಟು) 1/16ರಿಂದ 3/32 ಇಂಚು. ಕ್ಯಾಸ್ಟರ್ (ಕಿಂಗ್ ಪಿನ್ ಹಿಂದಕ್ಕೆ ವಾಲಿದ ಕೋನ), ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲಿದ ಕೋನ) ಹೊಂದಿಸುವ ಸ್ಕ್ರೂ ಈ ಕಾರಿನಲ್ಲಿ ಇಲ್ಲ. ಅವು ತೀರ ಹೊರಗಿದ್ದರೆ ಏನೋ ಬಗ್ಗಿದೆ, ಇಲ್ಲವೇ ಸವೆದಿದೆ. ಒಂದಷ್ಟು ನೂರು ಕಿ.ಮೀ. ಓಡಿದ ಮೇಲೆ ಲೀಫ್ ಸ್ಪ್ರಿಂಗ್ ಕೂರುತ್ತದೆ, ಯು ಬೋಲ್ಟ್ ಸಡಿಲವಾಗುತ್ತದೆ. ಆಗ ಮತ್ತೊಮ್ಮೆ ಬಿಗಿದು, ಟೋ ಇನ್ ಇನ್ನೊಮ್ಮೆ ನೋಡಿಸಿ.